ಡ್ರಿ ಕರು ಹಾಕುವವರೆಗೆ

ಲಾನ್‌ಝೌ
ನವೆಂಬರ್ 2025

ಪ್ರೀತಿಯ ಅಮ್ಮನಿಗೆ,

ನಿನ್ನ ಮಗಳು ಬೇಡುವ ಆಶೀರ್ವಾದಗಳು. ನಾನು ಇಲ್ಲಿ ಕ್ಷೇಮ. ನೀನು, ಅಪ್ಪ, ಅಜ್ಜಿ, ತಮ್ಮ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಹೋದ ವಾರ ನೀನು ಕೇಳಿದ ಪ್ರಶ್ನೆಗೆ ನಾನು ಬಾಯಿ ತೆರೆಯುವಷ್ಟರಲ್ಲಿ ಫೋನ್ ಕಡಿದುಹೋಯಿತು. ಚೀನಾದಲ್ಲಿ ವಾಟ್ಸಾಪ್‌ಗೆ ತಡೆಯಿದೆ. ಅಡ್ಡದಾರಿ ಹಿಡಿದು ಮಾತಾಡಿದರೆ ಹೀಗೇ ಆಗುವುದು. ಅದಕ್ಕೇ ಬರೆದು ತಮ್ಮನಿಗೆ ಇ-ಮೇಲ್ ಮಾಡುತ್ತಿದ್ದೇನೆ. ಪಿರಿಯಾಪಟ್ಟಣಕ್ಕೆ ಹೋದಾಗ ಅವನು ಪ್ರಿಂಟ್ ತೆಗೆಸಿಕೊಂಡು ಬರಲಿ. ತಾನೇ ಓದಿ ಹೇಳುತ್ತೇನೆ ಎಂದರೆ ಒಪ್ಪಬೇಡ, ಅವನಿಗೆ ಬೇಸರವಾದ ಕಡೆ ಪುಟಗಟ್ಟಲೆ ಹಾರಿಸಿಬಿಡುತ್ತಾನೆ.

ನೀನು ಕೇಳಿದ್ದು ಇದು: "ಟಿಬೆಟಿಯನ್ನರ ಹಳ್ಳಿಗಳಿಗೆ ಹೊರದೇಶದವರು ಬಂದು ಅದು ಕೊಟ್ಟರು, ಇದು ಕೊಟ್ಟರು ಎನ್ನುತ್ತೀಯಲ್ಲ, ಈಗ ಅವರು ಹೋಗಿದ್ದಾರೆ ಎಂದೂ ಹೇಳುತ್ತೀಯ. ಹಾಗಾದರೆ ಲೆಕ್ಕದ ಪುಸ್ತಕ ಯಾರ ಹತ್ತಿರ ಇದೆ?" ಇಲ್ಲಿ ವಿಶ್ವವಿದ್ಯಾಲಯದ ನಮ್ಮ ವಿಭಾಗಕ್ಕೆ ಬಂದು ಭಾಷಣ ಮಾಡಿದ ದೊಡ್ಡ ದೊಡ್ಡ ತಜ್ಞರಲ್ಲಿ ಒಬ್ಬರೂ ಈ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿಲ್ಲ. ಸ್ವಸಹಾಯ ಸಂಘದ ಲೆಕ್ಕದ ಪುಸ್ತಕ ಬರೆದೂ ಬರೆದೂ ನಿನಗೆ ಬೇರೆಯೇ ಕಣ್ಣು ಬಂದಿದೆ.

ಮೊದಲು ಊರಿನ ವಿಷಯ ಹೇಳುತ್ತೇನೆ. ಟಿಬೆಟ್ ಎಂದೊಡನೆ ಅಪ್ಪನಿಗೆ ಲಾಸಾ ಒಂದೇ ಕಣ್ಣಿಗೆ ಬರುತ್ತದೆ. ಚೀನಾದಲ್ಲಿರುವ ಟಿಬೆಟಿಯನ್ನರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಲಾಸಾ ಇರುವ ಪ್ರಾಂತ್ಯದ ಹೊರಗೆ, ಅಂದರೆ ಚಿಂಗ್‌ಹಾಯ್, ಗಾನ್ಸು, ಸಿಚುವಾನ್, ಯುನ್ನಾನ್‌ಗಳಲ್ಲಿ ಬದುಕುತ್ತಾರೆ. ನಾನು ಬೇಸಿಗೆಯಲ್ಲಿ ಹುಲ್ಲು ಅಳೆಯಲು ಹೋಗುವುದು ಗಾನ್ಸುವಿನ ದಕ್ಷಿಣದ ತುದಿಯಲ್ಲಿರುವ ಮಾಚು ಎಂಬ ಕೌಂಟಿಗೆ. ದೊಡ್ಡ ತಾಲ್ಲೂಕು ಎಂದುಕೋ. ಟಿಬೆಟಿಯನ್ನರು ಈ ಸೀಮೆಯನ್ನೆಲ್ಲ ಸೇರಿಸಿ ಆಮ್ಡೊ ಎನ್ನುತ್ತಾರೆ. ಹಳದಿ ನದಿ ತನ್ನ ಮೊದಲ ದೊಡ್ಡ ತಿರುವು ತೆಗೆದುಕೊಳ್ಳುವುದು ಇಲ್ಲಿಯೇ. ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರ, ಮರವೆಂಬುದು ಕಾಣುವುದೇ ಅಪರೂಪ, ಕಣ್ಣು ಹಾಯಿಸಿದಷ್ಟೂ ಹುಲ್ಲು. ಬೈಲುಕುಪ್ಪೆಯ ಗೆಳತಿಯಿಂದ ಶಾಲೆಯಲ್ಲಿ ಕಲಿತಿದ್ದ ನಾಲ್ಕು ಟಿಬೆಟಿಯನ್ ಮಾತುಗಳನ್ನು ಇಲ್ಲಿ ಹೆಮ್ಮೆಯಿಂದ ಆಡಿದೆ. ಯಾರಿಗೂ ಅರ್ಥವಾಗಲಿಲ್ಲ. ಲಾಸಾ ಕಡೆಯ ಮಾತಿಗೂ ಆಮ್ಡೊ ಮಾತಿಗೂ ಅಷ್ಟು ಅಂತರ. ಈಗ ನನ್ನ ಜೊತೆ ಬರುವ ಆಮ್ಡೊ ಹುಡುಗಿಯೊಬ್ಬಳು, ನಮ್ಮ ವಿಭಾಗದ ವಿದ್ಯಾರ್ಥಿನಿ, ನನ್ನ ಬಾಯಿಯೂ ಕಿವಿಯೂ ಆಗಿದ್ದಾಳೆ.

ಹೊರದೇಶದ ಸಂಸ್ಥೆಗಳು ಟಿಬೆಟಿಯನ್ ಪ್ರಸ್ಥಭೂಮಿಯ ಹಳ್ಳಿಗಳಿಗೆ ಹೆಚ್ಚಾಗಿ ಬಂದದ್ದು 1990ರ ದಶಕದಲ್ಲಿ ಮತ್ತು ಅದರ ನಂತರ. ಕೆಲವರು ಶಾಲೆ ಕಟ್ಟಿಸಿದರು, ಕೆಲವರು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಶಿಬಿರ ನಡೆಸಿದರು. ಬೆಲ್ಜಿಯಂನ ವೈದ್ಯರ ತಂಡವೊಂದು ಮಕ್ಕಳ ಕೀಲುಗಳನ್ನು ಊದಿಸಿ ಬೆಳವಣಿಗೆಯನ್ನೇ ಕುಂಠಿತಗೊಳಿಸುವ ಕಾಶಿನ್-ಬೆಕ್ ಎಂಬ ಕಾಯಿಲೆಯ ಬೆನ್ನು ಹತ್ತಿ 1992ರಲ್ಲಿ ಲಾಸಾಕ್ಕೆ ಬಂದಿತು. ಜರ್ಮನಿಯ ಅಂಧ ಮಹಿಳೆ ಸಬ್ರಿಯೆ ಟೆನ್‌ಬರ್ಕೆನ್ 1998ರಲ್ಲಿ ಲಾಸಾದಲ್ಲಿ ಅಂಧ ಮಕ್ಕಳ ಶಾಲೆ ತೆರೆದರು. ಟಿಬೆಟಿಯನ್ ಲಿಪಿಗೆ ಬ್ರೈಲ್ ರೂಪಿಸಿದವರೂ ಅವರೇ. ಆಮೇಲೆ ಕೇರಳಕ್ಕೆ ಬಂದು ಇನ್ನೊಂದು ಸಂಸ್ಥೆ ಕಟ್ಟಿದರು. 2017ರ ಜನವರಿ 1ರಿಂದ ಚೀನಾದಲ್ಲಿ ಹೊಸ ಕಾನೂನು ಬಂತು. ಹೊರದೇಶದ ಯಾವುದೇ ಸೇವಾಸಂಸ್ಥೆ ಪೊಲೀಸ್ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು, ಜೊತೆಗೆ ಜವಾಬ್ದಾರಿ ಹೊರಲು ಒಂದು ಸರ್ಕಾರಿ ಘಟಕ ಮುಂದೆ ಬರಬೇಕು. ಟಿಬೆಟಿಯನ್ ಸೀಮೆಯಲ್ಲಿ ಅಂಥ ಜವಾಬ್ದಾರಿ ಹೊರಲು ಯಾರು ಬರುತ್ತಾರೆ ಹೇಳು? ಬಹಳ ಮಂದಿ ಬಾಗಿಲು ಮುಚ್ಚಿದರು. ಅದಕ್ಕೂ ಮೊದಲೇ ಹೊರಟವರೂ ಇದ್ದಾರೆ. ಇದಕ್ಕಿಂತ ಹೆಚ್ಚಿನದನ್ನು ಪತ್ರದಲ್ಲಿ ಬರೆಯುವುದಿಲ್ಲ, ಊರಿಗೆ ಬಂದಾಗ ಹೇಳುತ್ತೇನೆ.

ಹಾಗಾಗಿ ನಾನು ನೋಡುತ್ತಿರುವುದು ಕೊಟ್ಟವರು ಇಲ್ಲದ ಹಳ್ಳಿಗಳನ್ನು. ಹಗಲೆಲ್ಲ ಹುಲ್ಲಿನ ಕೆಲಸ. ಸಂಜೆ ಯಾರದಾದರೂ ಮನೆಯಲ್ಲಿ ಒಲೆಯ ಮುಂದೆ ಕೂತಾಗ ನನ್ನ ಪಶುವೈದ್ಯದ ಪ್ರಶ್ನೆಗಳ ನಡುವೆ ಇದೂ ಬರುತ್ತದೆ: ಈ ಕೊಳಾಯಿ ಯಾರು ಹಾಕಿಸಿದ್ದು, ಆ ಗಾಜಿನ ತಟ್ಟೆ ಎಲ್ಲಿಂದ ಬಂತು?

ಗಾಜಿನ ತಟ್ಟೆ ಎಂದರೆ ಸೂರ್ಯನ ಒಲೆ. ಆಳೆತ್ತರದ ಸಿಮೆಂಟಿನ ತಟ್ಟೆ, ಒಳಮೈಗೆಲ್ಲ ಕನ್ನಡಿ ಚೂರು ಅಂಟಿಸಿರುತ್ತಾರೆ. ನಡುವೆ ಕಬ್ಬಿಣದ ಕೈಯ ಮೇಲೆ ಕೆಟಲ್ ಕೂರುತ್ತದೆ. ಬಿಸಿಲಿಗೆ ತಿರುಗಿಸಿ ನಿಲ್ಲಿಸಿದರೆ ಕಾಲು ಗಂಟೆಯಲ್ಲಿ ನೀರು ಕುದಿಯುತ್ತದೆ. ಸರ್ಕಾರವೂ ಹಂಚಿದೆ, ಸೇವಾಸಂಸ್ಥೆಗಳೂ ಹಂಚಿವೆ, ಚಿಂಗ್‌ಹಾಯ್ ಮತ್ತು ಗಾನ್ಸುವಿನಲ್ಲಿ ಅಂಗಳ ಅಂಗಳಕ್ಕೂ ಕಾಣುತ್ತದೆ. ಇಲ್ಲಿ ಉರುವಲೆಂದರೆ ಯಾಕ್ ಸಗಣಿಯ ಬೆರಣಿ ಮಾತ್ರ. ಅದನ್ನು ಆರಿಸುವುದು, ಒಣಗಿಸುವುದು, ಒಟ್ಟುವುದು, ಅದರ ಹೊಗೆ ಕುಡಿಯುವುದು ಎಲ್ಲ ಹೆಂಗಸರ ಪಾಲಿನ ಕೆಲಸ. ದಿನಕ್ಕೆ ಹತ್ತು ಸಲ ಚಹಾ ಕಾಯಿಸುವ ಮನೆಗಳಿಗೆ ಈ ತಟ್ಟೆ ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇಸಿಗೆಯಲ್ಲಿ ಇವರು ಹಿಂಡು ಹೊಡೆದುಕೊಂಡು ದೂರದ ಹುಲ್ಲುಗಾವಲಿಗೆ ಹೋಗಿ ಗುಡಾರ ಹಾಕುತ್ತಾರೆ. ಸಿಮೆಂಟಿನ ಒಲೆ ಅಲ್ಲಿಗೆ ಹೋಗುವುದಿಲ್ಲ. ಬಿಸಿಲು ಬೇಕಾದಷ್ಟಿರುವ ತಿಂಗಳುಗಳಲ್ಲಿ ಅದು ಬೀಗ ಹಾಕಿದ ಮನೆಯ ಮುಂದೆ ಆಕಾಶ ನೋಡುತ್ತಾ ನಿಂತಿರುತ್ತದೆ, ಅತ್ತ ಗುಡಾರದಲ್ಲಿ ಬೆರಣಿಯ ಹೊಗೆ. ಹಂಚುವ ಮೊದಲು ಮನೆಯ ಹೆಂಗಸನ್ನು ಒಂದು ಮಾತು ಕೇಳಿದ್ದರೆ ಮಡಿಚಿ ಯಾಕ್ ಬೆನ್ನಿಗೆ ಕಟ್ಟುವಂಥದ್ದು ಬೇಕು ಎಂದು ಹೇಳಿಯೇ ಹೇಳುತ್ತಿದ್ದಳು.

ನೀರಿನದೂ ಇದೇ ಕಥೆ, ಸ್ವಲ್ಪ ಕೆಟ್ಟದ್ದು. ಒಂದು ಹಳ್ಳಿಯಲ್ಲಿ ಬೆಟ್ಟದ ಒರತೆಯಿಂದ ಕೊಳವೆ ಎಳೆದು ನಲ್ಲಿ ಹಾಕಿಸಿದ್ದರು. ಹೆಸರು ಬೇಡ. ಕೊಳವೆಯನ್ನು ಮೊಣಕಾಲುದ್ದ ಅಗೆದು ಹೂಳಿದ್ದರಂತೆ. ಇಲ್ಲಿ ಚಳಿಗಾಲದಲ್ಲಿ ನೆಲ ಅದಕ್ಕಿಂತ ಎಷ್ಟೋ ಆಳದವರೆಗೆ ಹೆಪ್ಪುಗಟ್ಟುತ್ತದೆ. ಉದ್ಘಾಟನೆ ಸೆಪ್ಟೆಂಬರ್‌ನಲ್ಲಿ, ಫೋಟೊ ತೆಗೆದುಕೊಂಡರು, ಹೋದರು. ಡಿಸೆಂಬರ್‌ನಲ್ಲಿ ಕೊಳವೆ ಒಡೆಯಿತು. ಮತ್ತೆ ಹೆಂಗಸರು ಹೊಳೆಯ ಮಂಜುಗಡ್ಡೆ ಒಡೆದು ಬೆನ್ನ ಮೇಲೆ ನೀರು ಹೊತ್ತರು. ಪಕ್ಕದ ಹಳ್ಳಿಯವರು ತಾವೇ ಅಗೆಯುತ್ತೇವೆ ಎಂದು ಹಟ ಹಿಡಿದು ಆಳು ಮುಳುಗುವಷ್ಟು ಅಗೆದರಂತೆ. ಆ ನಲ್ಲಿಯಲ್ಲಿ ಈಗಲೂ ನೀರು ಬರುತ್ತದೆ, ನಾನೇ ಕುಡಿದಿದ್ದೇನೆ.

ಈಗ ನಿನ್ನ ಲೆಕ್ಕದ ಪುಸ್ತಕಕ್ಕೆ ಬರುತ್ತೇನೆ. ಇದನ್ನು ಸಂಘದ ಸಭೆಯಲ್ಲಿ ಓದಿದರೂ ಸರಿ.

ಯಾಕ್ ಎಂದರೆ ಗಂಡು. ಹೆಣ್ಣಿಗೆ ಡ್ರಿ ಎನ್ನುತ್ತಾರೆ. ಅಜ್ಜಿ ಇದು ಹಸುವಿನ ಜಾತಿಯೋ ಎಮ್ಮೆಯ ಜಾತಿಯೋ ಎಂದು ಕೇಳಿದ್ದರಂತೆ. ಹಸುವಿಗೇ ಹತ್ತಿರ ಎಂದು ಹೇಳು. ಹಸುವಿನೊಂದಿಗೆ ಕೂಡಿಸಿ ಮಿಶ್ರತಳಿಯನ್ನೂ ಮಾಡುತ್ತಾರೆ. ನಮ್ಮ ದೇವಸ್ಥಾನದಲ್ಲಿ ಬೀಸುವ ಚಾಮರವೂ ಇದರ ಬಾಲದ ಕೂದಲೇ ಎಂದು ಹೇಳಿದರೆ ಅವರಿಗೆ ಸಂತೋಷವಾಗುತ್ತದೆ. ನಾನು ಇಲ್ಲಿ ಏನು ತಿನ್ನುತ್ತೇನೆ ಎಂದು ಕೇಳಿದರೆ ಮಾತ್ರ ಕುರಿ ಮಾಂಸ ಎಂದಷ್ಟೇ ಹೇಳು. ಅದೂ ಸುಳ್ಳೇನಲ್ಲ.

ಹಿಂಡು ಇಲ್ಲದವನು ಇಲ್ಲಿ ಭೂಮಿ ಇಲ್ಲದವನಿದ್ದಂತೆ. ಒಂದು ಭಾರಿ ಹಿಮ ಬಿದ್ದರೆ ಸಾಕು, ಹುಲ್ಲು ಮುಚ್ಚಿಹೋಗಿ ಹಸಿವಿನಿಂದ ಹಿಂಡಿಗೆ ಹಿಂಡೇ ಸಾಯುತ್ತದೆ. ಉಳ್ಳವರ ಮನೆಯೂ ಒಂದೇ ಚಳಿಗಾಲದಲ್ಲಿ ಬರಿದಾಗುತ್ತದೆ. ಅಂಥ ಬಡ ಮನೆಗಳಿಗೆ ಡ್ರಿ ಕೊಡುವ ಯೋಜನೆಯನ್ನು ಬೇರೆ ಬೇರೆ ಸಂಸ್ಥೆಗಳು ಟಿಬೆಟಿಯನ್ ಸೀಮೆಯ ಹಲವು ಕಡೆ ಮಾಡಿವೆ. ನಾನು ಕಂಡ ಹಳ್ಳಿಯಲ್ಲಿ ಷರತ್ತು ಹೀಗಿತ್ತು: ಡ್ರಿ ನಿನ್ನದು, ಹಾಲು ನಿನ್ನದು, ಬೆಣ್ಣೆ ನಿನ್ನದು, ಆದರೆ ಅದು ಹಾಕಿದ ಹೆಣ್ಣು ಕರುವೊಂದನ್ನು ಸಾಕಿ ಮುಂದಿನ ಬಡ ಮನೆಗೆ ಕೊಡಬೇಕು. ಆ ಮನೆಯವರು ಅದರ ಮುಂದಿನ ಮನೆಗೆ. ಕಾಗದದ ಮೇಲೆ ಎಷ್ಟು ಚೆಂದ! ಮೂರು ವರ್ಷದ ಯೋಜನೆ. ಮೂರನೆಯ ವರ್ಷ ದಾನಿಗಳು ಬಂದು ಎಣಿಸಿದರು. ಕೈ ಬದಲಾದ ಕರುಗಳು ತೀರಾ ಕಡಿಮೆ. ಯೋಜನೆ ವಿಫಲ ಎಂದು ಬರೆದುಕೊಂಡು ಹೊರಟುಹೋದರು.

ಅಮ್ಮ, ನಾನು ಹಾಸನದಲ್ಲಿ ಓದಿದ ಪಶುವೈದ್ಯ ಇಷ್ಟು ವರ್ಷಕ್ಕೆ ಒಂದು ಕಡೆ ನಿಜವಾಗಿ ಉಪಯೋಗಕ್ಕೆ ಬಂತು. ನಮ್ಮ ಮನೆಯ ಎಚ್‌ಎಫ್ ಹಸು ವರ್ಷಕ್ಕೊಂದು ಕರು ಹಾಕುತ್ತದೆ, ಡೇರಿಗೆ ಎರಡು ಹೊತ್ತೂ ಹಾಲು ಹೋಗುತ್ತದೆ. ಡ್ರಿ ಮೊದಲ ಕರು ಹಾಕುವುದು ನಾಲ್ಕನೆಯ ವರ್ಷದ ಹೊತ್ತಿಗೆ. ಆಮೇಲೂ ಸಾಮಾನ್ಯವಾಗಿ ಎರಡು ವರ್ಷಕ್ಕೊಂದೇ ಕರು. ಬೇಸಿಗೆಯಲ್ಲಿ ದಿನಕ್ಕೆ ಒಂದು ಒಂದೂವರೆ ಲೀಟರ್ ಹಾಲು ಕೊಟ್ಟರೆ ಹೆಚ್ಚು, ಚಳಿಗಾಲದಲ್ಲಿ ಅದೂ ಇಲ್ಲ. ಹುಟ್ಟುವ ಕರುಗಳಲ್ಲಿ ಅರ್ಧ ಗಂಡು. ಹೆಣ್ಣು ಕರು ಹುಟ್ಟಿ, ಮೊದಲ ಚಳಿಗಾಲ ದಾಟಿ, ಹಾಲು ಬಿಟ್ಟು, ಇನ್ನೊಂದು ಮನೆಗೆ ಹೋಗುವಷ್ಟು ಗಟ್ಟಿಯಾಗಬೇಕು. ಹೋದ ಮನೆಯಲ್ಲಿ ಅದು ಹಾಲು ಕೊಡಲು ಮತ್ತೆ ಎರಡು ಮೂರು ವರ್ಷ ಕಾಯಬೇಕು. ಒಂದು ಸುತ್ತು ಮುಗಿಯಲು ಆರೇಳು ವರ್ಷ ಬೇಕಾದ ಕಡೆ ಮೂರನೆಯ ವರ್ಷಕ್ಕೆ ಫಲಿತಾಂಶ ಕೇಳಿದರೆ ಪಾಪ, ಡ್ರಿ ಏನು ಮಾಡೀತು? ಹಣ ಕೊಟ್ಟವರ ಕಚೇರಿಯ ವರ್ಷ ಬೇರೆ, ಡ್ರಿಯ ವರ್ಷ ಬೇರೆ. ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರಿಗೂ ಮೇಲೊಬ್ಬರು ಲೆಕ್ಕ ಕೇಳುವವರಿದ್ದರು, ಅವರಿಗೂ ಹುಲ್ಲುಗಾವಲು ಗೊತ್ತಿರಲಿಲ್ಲ.

ಸ್ವಾರಸ್ಯವಿರುವುದು ಇನ್ನು ಮುಂದೆ. ದಾನಿಗಳು ಹೋದ ಮೇಲೂ ಕರುಗಳು ಮನೆಯಿಂದ ಮನೆಗೆ ಹೋಗುತ್ತಲೇ ಇವೆ. ವಿಫಲ ಎಂದು ಬರೆಸಿಕೊಂಡ ಯೋಜನೆ ಈಗ ಮೂರನೆಯ ಸುತ್ತಿನಲ್ಲಿದೆ. ಪುಸ್ತಕ ಒಬ್ಬ ಹೆಂಗಸಿನ ಹತ್ತಿರ ಇದೆ. ನಿನಗಿಂತ ಸ್ವಲ್ಪ ಚಿಕ್ಕವಳಿರಬಹುದು. ಮಕ್ಕಳ ಶಾಲೆಯ ನೋಟ್‌ಬುಕ್, ರಟ್ಟಿಗೆ ಎಣ್ಣೆಬಟ್ಟೆ ಹೊದಿಸಿದ್ದಾಳೆ, ಬೆಣ್ಣೆಯ ಜಿಡ್ಡಿಗೆ ಪುಟಗಳೆಲ್ಲ ಪಾರದರ್ಶಕವಾಗಿವೆ. ಯಾರ ಮನೆಯ ಡ್ರಿ, ಬಣ್ಣ ಯಾವುದು, ಕೊಂಬು ಹೇಗಿದೆ, ಯಾವ ವರ್ಷ ಯಾವ ಕರು, ಯಾರ ಮನೆಗೆ ಹೋಯಿತು, ಎಲ್ಲವೂ ಟಿಬೆಟಿಯನ್ ಲಿಪಿಯಲ್ಲಿ ಇದೆ. ಇಸವಿ ಇಲ್ಲ. ಹುಲಿ ವರ್ಷ, ಮೊಲ ವರ್ಷ, ಡ್ರ್ಯಾಗನ್ ವರ್ಷ ಎಂದೇ ಬರೆದಿದ್ದಾಳೆ. ಸತ್ತ ಡ್ರಿಗಳ ಮುಂದೆ ಅಡ್ಡಗೆರೆ.

ಸತ್ತರೆ ಸಾಲ ಏನಾಗುತ್ತದೆ ಎಂದು ಕೇಳಿದೆ. ನೀನಿದ್ದರೂ ಮೊದಲು ಅದನ್ನೇ ಕೇಳುತ್ತಿದ್ದೆ. ಹಿಂದಿನ ಕಾಲದಲ್ಲಿ ಟಿಬೆಟ್‌ನಲ್ಲಿ ಮಠಗಳ, ಸಾಹುಕಾರರ ಹಿಂಡನ್ನು ಗುತ್ತಿಗೆಗೆ ಪಡೆಯುವ ಒಂದು ಪದ್ಧತಿಯಿತ್ತು. ಹುಟ್ಟಿದ್ದೂ ಲೆಕ್ಕಕ್ಕಿಲ್ಲ, ಸತ್ತದ್ದೂ ಲೆಕ್ಕಕ್ಕಿಲ್ಲ. ವರ್ಷಕ್ಕೆ ಇಷ್ಟು ಬೆಣ್ಣೆ ಎಂದರೆ ಇಷ್ಟು ಬೆಣ್ಣೆ, ಹಿಂಡೆಲ್ಲ ಹಿಮದಲ್ಲಿ ಸತ್ತರೂ ಕೊಡಲೇಬೇಕು. ಈ ಹಳ್ಳಿಯ ಹೆಂಗಸರು ತಮ್ಮ ನಿಯಮವನ್ನು ಇದಕ್ಕೆ ನೇರ ವಿರುದ್ಧವಾಗಿ ಮಾಡಿಕೊಂಡಿದ್ದಾರೆ. ಡ್ರಿ ಸತ್ತರೆ ಅದರ ಚರ್ಮವನ್ನು ನೆರೆಯ ಇಬ್ಬರಿಗೆ ತೋರಿಸಬೇಕು, ಅಷ್ಟೇ. ಸಾಲ ತೀರಿತು. ಯಾಕೆ ಸತ್ತಿತು ಎಂದು ಕೇಳುವ ಹಾಗಿಲ್ಲ. ಮಾರಿ ತಿಂದರೆ ಮಾತ್ರ ಮುಂದೆ ಏನೂ ಸಿಗುವುದಿಲ್ಲ. ಅದಕ್ಕೆ ಇನ್ನೊಂದು ಬೀಗವನ್ನೂ ಹಾಕಿದ್ದಾರೆ: ಯೋಜನೆಯ ಡ್ರಿಗಳ ಕಿವಿಗೆ ಬಣ್ಣದ ದಾರ ಕಟ್ಟಿದ್ದಾರೆ. ಇಲ್ಲಿ ಒಂದು ಪ್ರಾಣಿಯನ್ನು ಕೊಲ್ಲುವುದಿಲ್ಲ ಎಂದು ಹರಕೆ ಹೊತ್ತು ಬಿಡುವ ಪದ್ಧತಿಯಿದೆ, ಅದಕ್ಕೆ ತ್ಸೆಥಾರ್ ಎನ್ನುತ್ತಾರೆ; ಅಂಥ ಪ್ರಾಣಿಯ ಕಿವಿಗೆ ದಾರ ಕಟ್ಟುತ್ತಾರೆ. ದಾರ ಕಂಡ ಮೇಲೆ ಕಟುಕರು ಕೊಳ್ಳುವುದಿಲ್ಲ. ಬ್ಯಾಂಕಿನ ಯಾವ ಜಾಮೀನಿಗೆ ಇಷ್ಟು ಬಲವಿದೆ?

ಎಲ್ಲ ಹೀಗೆಯೇ ಸುಸೂತ್ರ ಎಂದುಕೊಳ್ಳಬೇಡ. ಗಂಡಸರ ಕೈಯಲ್ಲಿದ್ದ ಇನ್ನೊಂದು ನಿಧಿ, ಅದು ನಗದು ಹಣದ್ದು, ಎರಡೇ ವರ್ಷದಲ್ಲಿ ಮಾಯವಾಯಿತಂತೆ. ಎಲ್ಲಿಗೆ ಹೋಯಿತು ಎಂದು ಕೇಳಿದರೆ ಎಲ್ಲರೂ ಮೋಟಾರ್ ಸೈಕಲ್‌ಗಳ ಕಡೆ ನೋಡಿ ನಗುತ್ತಾರೆ.

ನಗದು ಎಂದೆನಲ್ಲ, ಇಲ್ಲಿನ ಎತ್ತರದ ಬೆಟ್ಟಗಳಲ್ಲಿ ಹಣ ತರುವುದು ಯಾರ್ತ್ಸಾ ಗುನ್ಬು. ಹುಳುವಿನ ದೇಹದಿಂದ ಮೊಳೆಯುವ ಶಿಲೀಂಧ್ರ. ಮೇ, ಜೂನ್ ತಿಂಗಳಲ್ಲಿ ಮಕ್ಕಳು ಮುದುಕರೆನ್ನದೆ ಮೊಣಕಾಲೂರಿ ಹುಲ್ಲಿನಲ್ಲಿ ಹುಡುಕುತ್ತಾರೆ. ಚೀನೀ ಔಷಧಿಯ ಮಾರುಕಟ್ಟೆಯಲ್ಲಿ ಅದಕ್ಕೆ ಬಂಗಾರದ ಬೆಲೆ. ಅದು ಸಿಗುವ ಹಳ್ಳಿಗಳಲ್ಲಿ ಯಾವ ಸೇವಾಸಂಸ್ಥೆಯೂ ಕೊಡಲಾಗದಷ್ಟು ಹಣ ಎರಡೇ ತಿಂಗಳಲ್ಲಿ ಬರುತ್ತದೆ, ಅಷ್ಟೇ ಬೇಗ ಹೋಗುತ್ತದೆ.

ನನ್ನ ಸ್ವಂತ ಕೆಲಸದ ಬಗ್ಗೆಯೂ ಅಪ್ಪ ಕೇಳುತ್ತಿದ್ದರು. ಹುಲ್ಲಿಗೆ ಅಳತೆ ಏಕೆ ಎಂದು ಅವರ ಪ್ರಶ್ನೆ. 1990ರ ದಶಕದಲ್ಲಿ ಸರ್ಕಾರ ಹುಲ್ಲುಗಾವಲನ್ನು ಮನೆ ಮನೆಗೆ ಭಾಗ ಮಾಡಿ ಗುತ್ತಿಗೆಗೆ ಕೊಟ್ಟಿತು, ತಂತಿಬೇಲಿ ಬಂತು. ನಮ್ಮ ಹೊಲಕ್ಕೆ ಬೇಲಿ ಸರಿ. ಅಲೆದಾಡಿ ಮೇಯುವ ಹಿಂಡಿಗೆ ಬೇಲಿ ಹಾಕಿದರೆ ಅದು ಅದೇ ಜಾಗವನ್ನು ತುಳಿದು ತುಳಿದು ಬರಿದು ಮಾಡುತ್ತದೆ. ಮಾಚುವಿನಲ್ಲಿ ಕೆಲವು ಮನೆಗಳು ತಮ್ಮ ತಮ್ಮೊಳಗೆ ಮಾತಾಡಿಕೊಂಡು ನಡುವಿನ ಬೇಲಿ ಹಾಕಲೇ ಇಲ್ಲ. ನಾಲ್ಕಾರು ಮನೆಯವರು ಒಟ್ಟಾಗಿ ಮೇಯಿಸುತ್ತಾರೆ. ಹಾಗೆ ಒಟ್ಟಾಗಿ ಮೇಯಿಸುವ ಕಡೆ ಹುಲ್ಲಿನ ಸ್ಥಿತಿ ಮೇಲು ಎಂದು ನಮ್ಮ ವಿಶ್ವವಿದ್ಯಾಲಯದವರು ಹಿಂದೆ ಮಾಡಿದ ಅಧ್ಯಯನಗಳಲ್ಲೇ ಇದೆ. ನಾನು ಅಳೆಯುವುದು ಅದರ ಮುಂದುವರಿದ ಭಾಗ. 2011ರಿಂದ ಹುಲ್ಲುಗಾವಲು ಉಳಿಸುವವರಿಗೆ ಸರ್ಕಾರವೇ ಪ್ರತಿ ವರ್ಷ ಸಹಾಯಧನ ಕೊಡುತ್ತಿದೆ. ಹಿಂಡು ಮಾರಿ ಪೇಟೆಯ ಕಾಲೊನಿಯ ಮನೆಗೆ ಹೋದವರೂ ಬಹಳ ಮಂದಿ. ಅಲ್ಲಿ ಕರೆಂಟ್ ಇದೆ, ಆಸ್ಪತ್ರೆ ಹತ್ತಿರ, ಮಕ್ಕಳ ಶಾಲೆ ಹತ್ತಿರ. ಆದರೆ ಹಾಲು, ಬೆಣ್ಣೆ, ಬೆರಣಿ ಎಲ್ಲವನ್ನೂ ದುಡ್ಡು ಕೊಟ್ಟು ಕೊಳ್ಳಬೇಕು. ಹಿಂದೆ ಇವನ್ನು ಕೊಂಡು ಗೊತ್ತಿಲ್ಲದವರು.

ನಾಯಿಗಳ ವಿಷಯ ಬರೆಯದಿದ್ದರೆ ತಮ್ಮ ಬೇಸರಿಸಿಕೊಳ್ಳುತ್ತಾನೆ. ಅವನಿಗೆ ಟಿಬೆಟಿಯನ್ ಮ್ಯಾಸ್ಟಿಫ್ ಬೇಕಂತೆ! ಅದು ಇಲ್ಲಿಯ ಕಾವಲು ನಾಯಿ. ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಚೀನಾದ ಶ್ರೀಮಂತರಿಗೆ ಅದರ ಹುಚ್ಚು ಹಿಡಿದು ಬೆಲೆ ಗಗನಕ್ಕೇರಿತು, ತಳಿ ಬೆಳೆಸುವವರು ಎಲ್ಲೆಂದರಲ್ಲಿ ಹುಟ್ಟಿಕೊಂಡರು. ಹುಚ್ಚು ಇಳಿದಾಗ ಬೆಲೆ ನೆಲಕಚ್ಚಿತು. ಸಾಕಲಾರದೆ ಬೀದಿಗೆ ಬಿಟ್ಟರು. ಈಗ ಪ್ರಸ್ಥಭೂಮಿಯ ಎಷ್ಟೋ ಊರುಗಳಲ್ಲಿ ಬೀಡಾಡಿ ನಾಯಿಗಳ ಗುಂಪು. ಅವು ಕಚ್ಚುವುದಕ್ಕಿಂತ ದೊಡ್ಡ ತೊಂದರೆ ಅವುಗಳ ಹೊಟ್ಟೆಯ ಹುಳು. ಸತ್ತ ಕುರಿ, ಯಾಕ್‌ಗಳ ಯಕೃತ್ತು, ಶ್ವಾಸಕೋಶ ತಿಂದ ನಾಯಿಯಲ್ಲಿ ಲಾಡಿಹುಳು ಬೆಳೆದು, ಅದರ ಮೊಟ್ಟೆ ಮಲದ ಮೂಲಕ ನೀರಿಗೆ, ಕೈಗೆ, ಬಾಯಿಗೆ ಬಂದರೆ ಮನುಷ್ಯರ ಯಕೃತ್ತಿನಲ್ಲಿ ನೀರಿನ ಚೀಲದಂಥ ಗಡ್ಡೆಗಳು ಬೆಳೆಯುತ್ತವೆ. ಹೈಡಾಟಿಡ್ ಕಾಯಿಲೆ. ಜಗತ್ತಿನಲ್ಲಿ ಇದು ಅತಿ ಹೆಚ್ಚು ಕಾಣಿಸುವ ಜಾಗಗಳಲ್ಲಿ ಟಿಬೆಟಿಯನ್ ಪ್ರಸ್ಥಭೂಮಿಯೂ ಒಂದು. ಬೆರಣಿ ಆರಿಸುವ, ನಾಯಿಗೆ ಅನ್ನ ಹಾಕುವ ಹೆಂಗಸರಿಗೇ ಅಪಾಯ ಹೆಚ್ಚು. ನಾಯಿಗಳಿಗೆ ತಿಂಗಳಿಗೊಮ್ಮೆ ಮಾತ್ರೆ ನುಂಗಿಸಿದರೆ ತಡೆಯಬಹುದು. ಕೊಲ್ಲುವುದು ಬೌದ್ಧರಿಗೆ ಒಪ್ಪಿಗೆಯಿಲ್ಲ, ಸಂತಾನಹರಣ ಮಾಡಿಸುವುದಕ್ಕೂ ಕೆಲವು ಹಿರಿಯರು ಮುಖ ಸಿಂಡರಿಸುತ್ತಾರೆ. ಆದ್ದರಿಂದ ಸ್ಥಳೀಯ ಹುಡುಗರು, ಭಿಕ್ಷುಗಳು ಮಾತ್ರೆಯನ್ನು ತ್ಸಂಪಾದ ಉಂಡೆಯಲ್ಲಿ ಅಡಗಿಸಿ ಹಾಕುತ್ತಾರೆ. ಹುರಿದ ಬಾರ್ಲಿಯ ಹಿಟ್ಟು ತ್ಸಂಪಾ, ಅಜ್ಜಿ ಮಾಡುವ ಹುರಿಹಿಟ್ಟಿನ ಹಾಗೆ. ಚಹಾ, ಬೆಣ್ಣೆ ಹಾಕಿ ಕಲಸಿ ಕೈಯಲ್ಲೇ ಉಂಡೆ ಮಾಡಿ ತಿನ್ನುತ್ತಾರೆ. ನಾನೂ ಅವರ ಜೊತೆ ಉಂಡೆ ಕಟ್ಟಿದೆ. ಪಶುವೈದ್ಯೆ ಎಂದು ಗೌರವ ಕೊಟ್ಟು ಅತಿ ದೊಡ್ಡ ನಾಯಿಯನ್ನು ನನಗೇ ಬಿಟ್ಟರು. ತಮ್ಮನಿಗೆ ಹೇಳು, ಮ್ಯಾಸ್ಟಿಫ್ ಆಸೆ ಬಿಡಲಿ, ನಮ್ಮ ಸೆಕೆಗೆ ಆ ತುಪ್ಪಳದ ನಾಯಿ ಬದುಕುವುದೂ ಕಷ್ಟ.

ವಾಪಸು ಬರುವಾಗ ರಿತೋಮಾ ಎಂಬ ಹಳ್ಳಿಗೆ ಹೋಗಿದ್ದೆ. ಅಲ್ಲಿ ನೋರ್ಲಾ ಎಂಬ ನೇಯ್ಗೆ ಕಾರ್ಯಾಗಾರ ಇದೆ. ಕಿಮ್ ಯೇಶಿ ಎಂಬ ಮಹಿಳೆ ಮತ್ತು ಅವರ ಮಗಳು ದೇಚೆನ್ ಯೇಶಿ 2007ರಲ್ಲಿ ಶುರು ಮಾಡಿದ್ದು. ಎಳೆಯ ಯಾಕ್‌ನ ಒರಟು ಕೂದಲಿನ ಅಡಿಯಲ್ಲಿ ಖುಲ್ಲು ಎಂಬ ಮೃದುವಾದ ತುಪ್ಪಳ ಇರುತ್ತದೆ. ಅದನ್ನು ಆರಿಸಿ ನೂತು ಶಾಲು ನೇಯುತ್ತಾರೆ. ಹಿಂಡಿನ ಹಿಂದೆ ತಿರುಗುತ್ತಿದ್ದವರಲ್ಲಿ ನೂರಕ್ಕೂ ಹೆಚ್ಚು ಜನರಿಗೆ ಊರಲ್ಲೇ ತಿಂಗಳ ಸಂಬಳ. ಯೂರೋಪಿನ ದುಬಾರಿ ಅಂಗಡಿಗಳಿಗೆ ಮಾಲು ಹೋಗುತ್ತದೆ. ನಿನಗೊಂದು ಶಾಲು ತರೋಣವೆಂದು ಬೆಲೆ ಕೇಳಿ, ಮುಟ್ಟಿ ನೋಡಿ, ಮಡಿಚಿ ಅಲ್ಲೇ ಇಟ್ಟು ಬಂದೆ. 

ಇದು ದಾನವಲ್ಲ, ವ್ಯಾಪಾರ. ದಾನದಲ್ಲಿ ಕೊಟ್ಟವನು ಹೋದರೆ ಕೆಲಸ ನಿಲ್ಲಬಹುದು, ವ್ಯಾಪಾರದಲ್ಲಿ ಕೊಳ್ಳುವವನ ರುಚಿ ಬದಲಾದರೆ ನಿಲ್ಲಬಹುದು. ಎರಡರಲ್ಲೂ ಕಣ್ಣಿಗೆ ಕಾಣದ ಯಾರೋ ದೂರದವನ ಮೇಲೆ ಊರು ಕೂತಿರುತ್ತದೆ. ಆದರೂ ಮಗ್ಗದ ಮುಂದೆ ಕೂತ ಹುಡುಗಿಯರ ನಡಿಗೆ, ಮಾತು, ನಗುವಿನಲ್ಲಿ ಏನೋ ಗತ್ತು ಕಂಡೆ. ಸ್ವಂತ ಸಂಬಳದ್ದಿರಬೇಕು. ಸಂಜೆ ಬಾಸ್ಕೆಟ್‌ಬಾಲ್ ಆಡುತ್ತಾರೆ. ಅಷ್ಟು ಎತ್ತರದಲ್ಲಿ ನನಗೆ ಮೆಟ್ಟಿಲು ಹತ್ತಿದರೇ ಏದುಸಿರು.

ಇನ್ನು ಒಂದು ವಿಷಯವನ್ನು ನೀನು ನಿಮ್ಮ ಸಂಘದವರಿಗೆ ಹೇಳಲೇಬೇಕು. ಮೈರಾಡ ಸಂಸ್ಥೆಯ ಹೆಸರು ನಿಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಅದು ಹುಟ್ಟಿದ್ದೇ ಟಿಬೆಟಿಯನ್ನರಿಗಾಗಿ. ಮೈಸೂರು ರಾಜ್ಯ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ಕೊಟ್ಟದ್ದು 1960ರಲ್ಲಿ. ತಣ್ಣನೆಯ ಬೆಟ್ಟಗಳಿಂದ ಬಂದವರು ಸೆಕೆ, ಕ್ಷಯ, ಆನೆಗಳ ಕಾಟ ಎಲ್ಲ ಸಹಿಸಿ ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಇದನ್ನು ಅಜ್ಜಿಯೇ ನನಗಿಂತ ಚೆನ್ನಾಗಿ ಹೇಳುತ್ತಾರೆ. ಅಂಥ ವಸತಿಗಳನ್ನು ಕಟ್ಟಲೆಂದು 1968ರಲ್ಲಿ ಶುರುವಾದದ್ದು ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ, ಅಂದರೆ ಮೈರಾಡ. ಟಿಬೆಟಿಯನ್ನರು ನೆಲೆ ನಿಂತ ಮೇಲೆ ಆ ಸಂಸ್ಥೆ ನಮ್ಮ ಹಳ್ಳಿಯ ಬಡವರ ಕಡೆ ತಿರುಗಿತು. 1980ರ ದಶಕದ ನಡುವಿನಲ್ಲಿ, ದೊಡ್ಡ ಸಹಕಾರ ಸಂಘಗಳು ಒಡೆದಾಗ, ಪರಸ್ಪರ ನಂಬಿಕೆಯಿದ್ದ ಹದಿನೈದು ಇಪ್ಪತ್ತು ಜನರ ಸಣ್ಣ ಗುಂಪುಗಳು ತಾವಾಗಿಯೇ ಉಳಿತಾಯ, ಸಾಲ ನಡೆಸತೊಡಗಿದ್ದನ್ನು ಕಂಡು ಮೈರಾಡ ಅದಕ್ಕೆ ಬೆಂಬಲ ಕೊಟ್ಟಿತು. 1992ರಲ್ಲಿ ನಬಾರ್ಡ್ ಅಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ತಂದಿತು. ನಿಮ್ಮ ಸಂಘದ ಪಾಸ್‌ಬುಕ್, ನಡಾವಳಿ ಪುಸ್ತಕ, ವಾರದ ಉಳಿತಾಯಗಳ ಬೇರು ಅಲ್ಲಿದೆ.

ಇದನ್ನು ನಾನು ಆ ನೋಟ್‌ಬುಕ್ ಹಿಡಿದ ಹೆಂಗಸಿಗೆ ಹೇಳಿದೆ. ಮೂರು ಭಾಷೆ ದಾಟಿ ಮಾತು ಅವಳಿಗೆ ತಲುಪುವಷ್ಟರಲ್ಲಿ ಚಹಾ ಆರಿತು. ಅವಳಿಗೆ ಮೈರಾಡದ ಚರಿತ್ರೆಯಲ್ಲಿ ಅಂಥ ಆಸಕ್ತಿಯೇನೂ ಇರಲಿಲ್ಲ. ನಿಮ್ಮ ಊರಲ್ಲಿ ಸಾಲ ಕಟ್ಟದವಳನ್ನು ಏನು ಮಾಡುತ್ತೀರಿ ಎಂದು ಕೇಳಿದಳು. ನನ್ನ ಅಮ್ಮ ಅವಳ ಮನೆಗೆ ಹೋಗಿ ಕಾಫಿ ಕುಡಿಯುತ್ತಾ ಕೂರುತ್ತಾಳೆ, ಹಣ ಬರುವವರೆಗೆ ಏಳುವುದಿಲ್ಲ ಎಂದೆ. ಅವಳು ನಕ್ಕ ನಗೆಗೆ ಮಲಗಿದ್ದ ಮಗು ಎದ್ದಿತು. ತಾನೂ ಅದನ್ನೇ ಮಾಡುವುದಂತೆ. ನಿಮ್ಮ ಬಡ್ಡಿ ಎಷ್ಟು, ಬಡ್ಡಿಯ ಹಣ ಎಲ್ಲಿಗೆ ಹೋಗುತ್ತದೆ, ಓದು ಬರದವಳು ಅಧ್ಯಕ್ಷೆಯಾಗಬಹುದೇ, ಈ ಮೂರು ಪ್ರಶ್ನೆಗಳಿಗೆ ನಿನ್ನಿಂದಲೇ ಉತ್ತರ ತರಿಸಬೇಕು ಎಂದು ಹೇಳಿ ಕಳಿಸಿದ್ದಾಳೆ. ಅವರು ಹಾಲಿನಿಂದ ತೆಗೆದ ಬೆಣ್ಣೆಯನ್ನು ಒಟ್ಟುಗೂಡಿಸಿ ಪೇಟೆಗೆ ಕಳಿಸುವ ಲೆಕ್ಕಾಚಾರದಲ್ಲಿದ್ದಾರೆ, ಅದಕ್ಕೆ ಸಣ್ಣ ನಿಧಿ ಬೇಕಂತೆ. ನಿಮ್ಮ ನಿಯಮಗಳ ಪುಟದ ಫೋಟೊ ತೆಗೆದು ತಮ್ಮನ ಕೈಯಲ್ಲಿ ಕಳಿಸು. ಅನುವಾದದ ಕೆಲಸ ನನ್ನದು. ಬರುವ ಬೇಸಿಗೆಯಲ್ಲಿ ಮತ್ತೆ ಹೋದಾಗ ಕೊಡುತ್ತೇನೆ.

ತಂಬಾಕು ಹರಾಜು ಈ ಸಲ ಹೇಗಿದೆ? ತಂಬಾಕು ಹದಮಾಡುವ ಬ್ಯಾರನ್‌ಗೆ ಸೌದೆ ಹೊರುವ ಕೆಲಸ ಅಪ್ಪ ಇನ್ನು ಬಿಡಲಿ, ಆಳು ಇಟ್ಟುಕೊಳ್ಳಲಿ, ಕೂಲಿಯ ಹಣ ನಾನು ಕಳಿಸುತ್ತೇನೆ. ನಿನ್ನ ಮಂಡಿ ನೋವಿಗೆ ಎಣ್ಣೆ ಹಚ್ಚಿದರೆ ಸಾಲದು, ಮೈಸೂರಿಗೆ ಹೋಗಿ ಎಕ್ಸ್‌ರೇ ತೆಗೆಸು. ಕೆಂಪು ಹಸುವಿಗೆ ಕೆಚ್ಚಲು ಬಾವು ಮತ್ತೆ ಬಂದಿದೆ ಎಂದು ತಮ್ಮ ಬರೆದಿದ್ದ. ಔಷಧಿಯ ಅಂಗಡಿಯವರು ಹೇಳಿದ್ದನ್ನೆಲ್ಲ ಚುಚ್ಚಿಸಬೇಡಿ. ಡೇರಿಯ ಡಾಕ್ಟರನ್ನು ಕರೆಸಿ, ಹಾಲು ಪರೀಕ್ಷೆ ಮಾಡಿಸಿದ ಮೇಲೆ ಔಷಧಿ ಕೊಡಿಸಿ. ಚಿಕಿತ್ಸೆ ಮುಗಿಯುವವರೆಗೆ ಆ ಹಾಲು ಡೇರಿಗೆ ಹಾಕಬೇಡ.

ಹೋದ ತಿಂಗಳಿನಿಂದ ಕೋಲ್ಕತ್ತಾಕ್ಕೂ ಗುವಾಂಗ್‌ಝೌಗೂ ನಡುವೆ ನೇರ ವಿಮಾನ ಮತ್ತೆ ಶುರುವಾಗಿದೆ, 2020ರಿಂದ ನಿಂತಿತ್ತು. ಇನ್ನು ಬ್ಯಾಂಕಾಕ್ ಸುತ್ತಿ ಬರುವ ಕಷ್ಟವಿಲ್ಲ. ರಜೆ ಮಂಜೂರಾದರೆ ಸಂಕ್ರಾಂತಿಗೆ ಬರುತ್ತೇನೆ, ಆಗದಿದ್ದರೆ ಯುಗಾದಿಗೆ. ಬರುವಾಗ ಏನು ತರಲಿ ಎಂದು ಅಜ್ಜಿಯನ್ನು ಕೇಳು. ಚಾಮರ ಬಿಟ್ಟು.

ಇಂತಿ
ನಿನ್ನ ಪ್ರೀತಿಯ ಮಗಳು